ಹೆಚ್ಚಿಗೆ ಇಟ್ಟ ಐಸ್

ನರ್ಸ್‌ಗಳಿಗೆ ತರಬೇತಿ ಕೊಡಲು ಬಂದಿದ್ದ ಡಾಕ್ಟರು ಲಸಿಕೆಯ ಎರಡು ಶೀಷೆಗಳನ್ನು ಒಟ್ಟಿಗೆ ಕುಲುಕಿ ಮೇಜಿನ ಮೇಲಿಟ್ಟರು. ಒಂದು, ತೋರಿಸುವುದಕ್ಕೆಂದೇ ಅವರು ಹೆಪ್ಪುಗಟ್ಟಿಸಿ ಕರಗಿಸಿದ್ದು. ಇನ್ನೊಂದು, ನರ್ಸ್‌ಗಳು ತಂದಿದ್ದ ಲಸಿಕೆ ಡಬ್ಬಿಗಳಿಂದ ಕೈಗೆ ಸಿಕ್ಕಿದ್ದು. ಅದರ ಮುಚ್ಚಳದ ನೀಲಿ ಚುಕ್ಕೆಯನ್ನು ಎರಡನೇ ಸಾಲಿನಲ್ಲಿದ್ದ ಕಿರಿಯ ನರ್ಸ್ ಗುರುತಿಸಿದಳು. ಅದು ಅವಳೇ ಹಾಕಿದ ಚುಕ್ಕೆ.

"ಒಂದ್ಸಲ ಹೆಪ್ಪುಗಟ್ಟಿದ್ರೆ ಗಸಿ ಬೇಗ ತಳ ಸೇರುತ್ತೆ. ಅಂಥ ಲಸಿಕೆ ಹಾಕಿದ್ರೂ ಒಂದೇ, ಬಿಟ್ರೂ ಒಂದೇ," ಎಂದರು ಡಾಕ್ಟರು. ಅಂದು ಬೆಳಿಗ್ಗೆ ಬಿಸಿಲು ಜೋರಿತ್ತು. ಲಸಿಕೆ ಎಲ್ಲಿ ಕೆಡುತ್ತದೋ ಎಂಬ ಭಯಕ್ಕೆ ಅವಳು ಫ್ರೀಜರಿನಿಂದ ತೆಗೆದ ಐಸ್ ಪ್ಯಾಕೊಂದನ್ನು ಹೆಚ್ಚಿಗೆ, ಶೀಷೆಗಳಿಗೆ ಒತ್ತಿ ಇಟ್ಟಿದ್ದಳು. ಆ ಡಬ್ಬಿಯಿಂದ ಮೊದಲ ಚುಚ್ಚುಮದ್ದು ಹಾಕಿದ್ದು ಅಕ್ಕನ ಮಗುವಿಗೆ. ಈ ಲಸಿಕೆ ತಡೆಯಬೇಕಾದ ನಾಯಿಕೆಮ್ಮು ಅಕ್ಕನ ಬೀದಿಯಲ್ಲಿ ಹಬ್ಬಿತ್ತು. "ನಿನ್ನ ಕೈ ಅಂದ್ಮೇಲೆ ನಂಗೇನು ಚಿಂತೆ, ಈಗ್ಲೇ ಮನೆಗೆ ಹೋಗಿ ಕಣ್ತುಂಬ ನಿದ್ದೆ ಮಾಡ್ತೀನಿ," ಎಂದು ಅಕ್ಕ ನಕ್ಕಿದ್ದಳು.

ಎರಡೂ ಶೀಷೆಗಳಲ್ಲಿ ಬಿಳಿ ಗಸಿ ಜೊತೆಜೊತೆಗೇ, ಬೇಗನೆ ಇಳಿಯಿತು. "ಇದು ಯಾರದು?" ಡಾಕ್ಟರು ನೀಲಿ ಚುಕ್ಕೆಯ ಶೀಷೆಯನ್ನು ಎತ್ತಿ ಹಿಡಿದರು. ಅವಳ ಪಕ್ಕದಲ್ಲಿದ್ದ ಹಿರಿಯ ನರ್ಸ್‌ಗೆ ಅವಳ ಮುಖ ನೋಡಿಯೇ ಗೊತ್ತಾಯಿತು. ಅವರು ಅವಳ ಮಣಿಕಟ್ಟು ಅದುಮಿ, "ಸುಮ್ನಿರೇ, ಕೆಲಸ ಹೋಗುತ್ತೆ. ಎಲ್ಲಾ ಶೀಷೆನೂ ಒಂದೇ ಥರ ಇರುತ್ತೆ, ಯಾರಿಗೆ ಗೊತ್ತಾಗುತ್ತೆ?" ಎಂದು ಪಿಸುಗುಟ್ಟಿದರು.

ಅವಳು ಕೈ ಬಿಡಿಸಿಕೊಂಡು ಎದ್ದಳು. "ನಂದು ಡಾಕ್ಟ್ರೇ," ಎಂದಳು. "ಇವತ್ತು ಲಸಿಕೆ ಹಾಕಿಸ್ಕೊಂಡ ಮಕ್ಕಳ ಮನೆಗೆಲ್ಲ ಹೋಗಿ ಹೇಳ್ಬೇಕು. ಮೊದಲು ನಮ್ಮಕ್ಕನ್ನ ಎಬ್ಬಿಸ್ಬೇಕು."