ಯಜಮಾನರ ಹೆಬ್ಬೆರಳು

ಸ್ಟೀಕ್‌ಹೌಸ್ ಕಟ್ಟಿದ ಯಜಮಾನರು ತೀರಿಕೊಂಡು ತಿಂಗಳಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಅವರ ಪಕ್ಕದಲ್ಲಿ ನಿಂತು ಮಾಂಸ ಸುಟ್ಟ ನನ್ನ ಕೈಯಿಂದ ಅವರ ಮಗ ಇಕ್ಕಳ ತೆಗೆದುಕೊಂಡು, ನನ್ನನ್ನು ಈರುಳ್ಳಿ ಹೆಚ್ಚಲು ನಿಲ್ಲಿಸಿದ.

"ಬೇಜಾರು ಮಾಡ್ಕೋಬೇಡಿ, ಫಿಲೋಮಿನಮ್ಮ. ಇಲ್ಲಿನ ರುಚಿ ಇದ್ದಿದ್ದು ಅಪ್ಪನ ಹೆಬ್ಬೆರಳಲ್ಲಿ. ಹದ ಬಂತಾ ಅಂತ ಒತ್ತಿ ನೋಡದೆ ಒಂದು ತಟ್ಟೇನೂ ಹೊರಗೆ ಬಿಡ್ತಿರಲಿಲ್ಲ. ನೀವು ಬರೀ ಮಗುಚಿ ಹಾಕ್ತಿದ್ರಿ, ಅಷ್ಟೆ."

ನಾನು ಏಪ್ರನ್ ಬಿಚ್ಚಿ ಅವನ ಕೈಗೆ ಕೊಟ್ಟೆ.

"ಒತ್ತೋರು, ನಿಜ. ಕೊನೆ ದಿನದವರೆಗೂ ಒತ್ತಿದ್ರು."

"ಮತ್ತಿನ್ನೇನು?"

"ಸಕ್ಕರೆ ಕಾಯಿಲೆಗೆ ಆ ಬೆರಳು ಮರಗಟ್ಟಿ ಹತ್ತು ವರ್ಷ ಆಗಿತ್ತು. ಮಾಂಸ ಒತ್ತಿ, ನನ್ನ ಮುಖ ನೋಡೋರು."