ಸೋಮವಾರದ ಅಳತೆ

ಪ್ರತಿ ಸೋಮವಾರ ಹನ್ನೊಂದಕ್ಕೆ ಹುಬ್ಬಳ್ಳಿಯ ಆ ವಠಾರದಲ್ಲಿ ಪಕ್ಕದ ಮೊಬೈಲ್ ಟವರಿನ ವಿಕಿರಣ ಅಳೆಯುವ ಡ್ರೋನ್ ಏಳುತ್ತಿತ್ತು. ಅದಕ್ಕೂ ಮುಂಚೆ, ಅದನ್ನು ಹಾರಿಸುವ ನೀಲಗಂಗಾ ಗಂಟೆ ಬಾರಿಸಬೇಕು, ಎಲ್ಲರೂ ಫೋನ್ ಆರಿಸಬೇಕು. ಮಾತು ನಿಂತರೆ ಟವರೂ ತಣ್ಣಗಾಗುತ್ತದೆ, ಗೋಡೆಗೆ ಹಸಿರು ಪಟ್ಟೆ ಬೀಳುತ್ತದೆ. ಕೆಂಪು ಬಿದ್ದರೆ ನಿಯಮದಂತೆ ಸಂಜೆಯೊಳಗೆ ಎಲ್ಲರೂ ಮನೆ ಖಾಲಿ ಮಾಡಬೇಕು. ಇದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ; ಗುಡಿಯ ಹೊರಗೆ ಚಪ್ಪಲಿ ಬಿಡುವ ಹಾಗೆ ಅದೊಂದು ರೂಢಿ.

ಇಂದು ನಿದ್ದೆಗೆಟ್ಟಿದ್ದ ನೀಲಗಂಗಾ ಗಂಟೆ ಬಾರಿಸುವುದನ್ನೇ ಮರೆತು ಡ್ರೋನ್ ಹಾರಿಸಿಬಿಟ್ಟಳು. ಅದು ಮೂರನೇ ಮಹಡಿಯ ಕಿಟಕಿಗಳ ಮುಂದೆ ಸುಳಿದಾಗ ಅವಳ ಕೈಯಲ್ಲಿದ್ದ ಪರದೆ ಕೆಂಪಾಯಿತು. ಅಲ್ಲಿನ ಒಂದು ಕಿಟಕಿ ಅವಳದೇ. ಅದರ ಪಕ್ಕದಲ್ಲೇ ಮೂರು ತಿಂಗಳ ಕೂಸಿನ ತೊಟ್ಟಿಲು.

ಪಕ್ಕದ ಮನೆಯ ಚಂಪಕ್ಕ ಬಾಲ್ಕನಿಯಿಂದ ಬಗ್ಗಿದಳು. "ಗಂಟಿ ಬಾರಿಸ್ಲೇ ಇಲ್ಲಲ್ಲವಾ! ನನ್ನ ಮಗಳು ಇನ್ನೂ ಫೋನಿನ್ಯಾಗ ಮಾತಾಡಾಕತ್ತಾಳ."

"ಕೆಂಪ್ ಬಂದೈತಿ. ಇದೇ ಖರೇ ಅಳತಿ ಅಲ್ಲೇನಕ್ಕಾ?"

"ಖರೇ ಇದ್ರ ಇರ್ಲಿ. ಸಂಜೀಕ ಕೂಸಿನ್ನ ಕಟ್ಕೊಂಡು ಯಾರ ಮನಿಗೆ ಹೋಗ್ತಿ? ಅದನ್ನ ತಗದ್ಹಾಕು, ಇನ್ನೊಮ್ಮೆ ಹಾರಿಸು."

ನೀಲಗಂಗಾ ಗಂಟೆ ಬಾರಿಸಿದಳು. ಮನೆಮನೆಯಲ್ಲೂ ಫೋನುಗಳು ಆರಿದವು. ಡ್ರೋನ್ ಮತ್ತೆ ಹಾರಿತು; ಪರದೆ ಹಸಿರಾಯಿತು. ಗೋಡೆಗೆ ಪಟ್ಟೆ ಬಳಿದು, ಕೈ ತೊಳೆದುಕೊಂಡು ಮೇಲೆ ಹೋದಳು.

ತೊಟ್ಟಿಲನ್ನು ಕಿಟಕಿಯಿಂದ ದೂರ, ಅಡುಗೆಮನೆಯ ಮೂಲೆಗೆ ಎಳೆದಳು. ಅದರ ಕಾಲುಗಳು ನೆಲಕ್ಕೆ ಉಜ್ಜಿ ಕಿರ್ರೆಂದವು. ಅವಳು ಎಳೆಯುವುದನ್ನು ನಿಲ್ಲಿಸಿದರೂ ಸದ್ದು ನಿಲ್ಲಲಿಲ್ಲ. ಗೋಡೆಯಾಚೆ ಚಂಪಕ್ಕನೂ ಕಿಟಕಿಯ ಬಳಿಯ ಮಂಚ ಎಳೆಯುತ್ತಿದ್ದಳು. ಆಮೇಲೆ ಮೇಲಿನ ಮನೆಯಲ್ಲಿ, ಕೆಳಗಿನ ಮನೆಯಲ್ಲಿ.

ಹೊರಗೆ ಹಸಿರು ಪಟ್ಟೆ ಇನ್ನೂ ಒಣಗಿರಲಿಲ್ಲ.