ಬೆಂಚಿನ ಮೇಲೆ ಇಬ್ಬರು

ಹೆಸರು ಕರೆದಾಗ ಅನ್ಸೆಲ್ಮೊ ಏಳಲಿಲ್ಲ. ಎರಡನೆಯ ಸಲ ಕೂಗಿದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸೇ ಅವನ ಮೊಣಕೈ ಮುಟ್ಟಿದಳು.

"ನಿಮ್ಮನ್ನೇ ಅಣ್ಣ. ಹೋಗಿ ಬನ್ನಿ. ನಿಮ್ಮವನು ಆಗಿರದೇ ಇರ್ಲಿ."

"ನಿಮ್ಮವನೂ ಆಗಿರದೇ ಇರ್ಲಿ," ಎಂದ ಅವನು.

ಒಳಗಿದ್ದದ್ದು ಒಂದೇ ಹೆಣ. ಅದು ಇಬ್ಬರಿಗೂ ಗೊತ್ತಿತ್ತು.

ಗುರುವಾರ ಗ್ವಾಲೆಗ್ವಾಯ್ಚು ಊರಿನ ಸೇತುವೆಯ ಕೆಳಗೆ ಮೀನು ಹಿಡಿಯುವವರಿಗೆ ಅದು ಸಿಕ್ಕಿತ್ತು. ಇಪ್ಪತ್ತೈದರ ಆಸುಪಾಸಿನ ಗಂಡಸು, ನೀರಿನಲ್ಲಿ ಹತ್ತು ದಿನ. ರೇಡಿಯೋದಲ್ಲಿ ಇಷ್ಟು ಕೇಳಿದ್ದೇ ಅನ್ಸೆಲ್ಮೊ ತನ್ನೂರು ನೊಗೊಯಾದಿಂದ ಬಸ್ಸು ಹತ್ತಿದ್ದ. ಬಸ್ಸಿನ ತುಂಬ ಕಾರ್ನಿವಲ್ಲಿಗೆ ಹೊರಟವರು. ಅವನ ಮುಂದಿನ ಸೀಟಿನ ಹುಡುಗಿ ನವಿಲುಗರಿಯ ಕಿರೀಟವನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡಿದ್ದಳು.

ಈ ಊರಿಗೆ ಇದು ಅವನ ನಾಲ್ಕನೆಯ ಬೇಸಿಗೆ. ನಾಲ್ಕು ವರ್ಷದ ಹಿಂದೆ ಮಗ ದಾರ್ದೊ ಇಟ್ಟಿಗೆ ಗೂಡಿನ ಕೆಲಸ ಬಿಟ್ಟು, ಕಾರ್ನಿವಲ್ಲಿನ ಅಲಂಕಾರದ ಗಾಡಿಗಳನ್ನು ತಳ್ಳಲು ಹೋಗುತ್ತೇನೆಂದಿದ್ದ. "ಗರಿ ಕಟ್ಕೊಂಡು ಕುಣಿಯೋರ ಗಾಡಿ ತಳ್ಳೋಕೆ ಹೋದ್ರೆ ಮತ್ತೆ ಈ ಹೊಸ್ತಿಲು ತುಳೀಬೇಡ," ಎಂದಿದ್ದ ಅನ್ಸೆಲ್ಮೊ. ಹುಡುಗ ಜೀವಮಾನದಲ್ಲಿ ಅಪ್ಪನ ಮಾತು ಕೇಳಿದ್ದು ಅದೊಂದೇ ಸಲ. ಅಂದಿನಿಂದ ಪ್ರತಿ ಫೆಬ್ರವರಿ ಅನ್ಸೆಲ್ಮೊ ಬಂದು, ಬೆವರುತ್ತ ಗಾಡಿ ತಳ್ಳುವವರ ಮುಖಗಳನ್ನು ಒಂದೊಂದಾಗಿ ನೋಡಿ, ಬರಿಗೈಯಲ್ಲಿ ಹಿಂದಿರುಗುತ್ತಿದ್ದ.

ಈ ಸಲ ಹಾಗೆ ಹಿಂದಿರುಗುವಂತಿರಲಿಲ್ಲ. ಹೆಂಡತಿ ಎಲ್ಬಾ ಈಸ್ಟರ್ ಕಾಣುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಹೊರಡುವಾಗ ಅವಳು ಹಾಸಿಗೆಯಿಂದಲೇ ಅವನ ತೋಳು ಹಿಡಿದಿದ್ದಳು. "ಸತ್ತಿದ್ರೆ ಸತ್ತಿದಾನೆ ಅನ್ನಿ. ಅವನ ಪಕ್ಕದಲ್ಲಿ ಮಲಗ್ತೀನಿ. ಎಲ್ಲಿದಾನೋ ಗೊತ್ತಿಲ್ದೆ ಮಾತ್ರ ನನ್ನನ್ನ ಕಳಿಸ್ಬೇಡಿ."

ಶವಾಗಾರದ ಹೊರಗಿನ ಬೆಂಚಿನಲ್ಲಿ ಅವನಿಗಿಂತ ಮೊದಲೇ ಬಂದು ಕೂತಿದ್ದವಳು ನಿಲ್ಡಾ. ನದಿಯಾಚೆಯ ಉರುಗ್ವೆ ದೇಶದವಳು, ಫ್ರೈ ಬೆಂತೋಸಿನಲ್ಲಿ ಬಟ್ಟೆ ಒಗೆದು ಬದುಕುವವಳು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾತೆ ಎಂಬ ಎಲೆಯ ಕಷಾಯ ತುಂಬಿದ ಸೋರೆಬುರುಡೆ. ಅವಳ ಮಗ ವಾಲ್ತೆರ್ ಎರಡು ವಾರದ ಹಿಂದೆ ಕಾರ್ನಿವಲ್ ನೋಡಲು ಬಂದವನು ಮನೆಗೆ ಮರಳಿರಲಿಲ್ಲ. ಆಚೆ ದಡದಲ್ಲಿ ಕೊಟ್ಟ ದೂರು ಈ ದಡಕ್ಕೆ ಬರುವುದು ಸೋಮವಾರವಂತೆ. ಒಂದೇ ಬುರುಡೆಯಿಂದ ಇಬ್ಬರೂ ಸರದಿಯಲ್ಲಿ ಹೀರುತ್ತ ಎರಡು ಗಂಟೆ ಕಳೆದರು. ಅವಳು ಮಾತನಾಡಿದಳು. ಅವನು ಕೇಳಿಸಿಕೊಂಡ.

ಒಳಗೆ ತಣ್ಣಗಿತ್ತು. ಸಬ್‌ಇನ್ಸ್‌ಪೆಕ್ಟರ್ ಕಿರೋಗಾ ಆಗಲೇ ಮೂರು ಸಲ ಗಡಿಯಾರ ನೋಡಿದ್ದ. ಶನಿವಾರ, ಸಂಜೆಯ ಮೆರವಣಿಗೆಗೆ ಮೂವತ್ತು ಸಾವಿರ ಜನ, ಅವನ ಬಳಿ ನಲವತ್ತು ಪೊಲೀಸರು.

"ಮುಖ ನೋಡ್ಬೇಡಿ ಯಜಮಾನ್ರೇ, ನೋಡೋಕೆ ಏನೂ ಉಳಿದಿಲ್ಲ. ಬೆರಳಚ್ಚೂ ಸಿಗಲ್ಲ. ಜೀನ್ಸ್ ಒಳಗಿದ್ದ ಕಾಲು ಮಾತ್ರ ಪರವಾಗಿಲ್ಲ. ಮೊದಲು ನೀವು ಗುರುತು ಹೇಳಿ, ಆಮೇಲೆ ನಾನು ಬಟ್ಟೆ ಸರಿಸ್ತೀನಿ. ಎತ್ತರ?"

ಬಿಳಿ ಬಟ್ಟೆಯ ಕೆಳಗೆ ದೇಹ ಚಾಚಿಕೊಂಡಿತ್ತು. ಪಾದಗಳು ಮೇಜಿನ ಅಂಚು ದಾಟಿದ್ದವು. ಒಂದು ಕಡೆ ಒದ್ದೆ ಕೂದಲಿನ ಎಳೆ ಇಣುಕುತ್ತಿತ್ತು. ಅನ್ಸೆಲ್ಮೊ ಅದನ್ನೇ ನೋಡುತ್ತ ನಿಂತ.

"ಎತ್ತರದವನೇ."

"ಗಾಯ, ಮಚ್ಚೆ, ಹಚ್ಚೆ?"

ಹೊರಗೆ ಎಲ್ಲೋ ಡೋಲಿನವರು ಅಭ್ಯಾಸ ಶುರುಮಾಡಿದರು. ಗೋಡೆ ಸಣ್ಣಗೆ ನಡುಗಿತು.

"ಯಜಮಾನ್ರೇ?"

"ಬಲ ಮೊಣಕಾಲಿನ ಕೆಳಗೆ," ಎಂದ ಅನ್ಸೆಲ್ಮೊ. "ಮುಳ್ಳುತಂತಿ ತರಚಿದ್ದು. ಏಳು ಹೊಲಿಗೆ."

ಕಿರೋಗಾ ಬಟ್ಟೆ ಸರಿಸಿ, ಬಗ್ಗಿ, ಪೆನ್ನಿನ ತುದಿಯಿಂದ ಎಣಿಸಿದ. ನೆಟ್ಟಗೆ ನಿಂತು ಟೊಪ್ಪಿ ತೆಗೆದ.

"ಕ್ಷಮಿಸಿ," ಎಂದ. ಈ ಸಲ ಗಡಿಯಾರ ನೋಡಲಿಲ್ಲ.

ಮೂರು ಕಡೆ ರುಜು. ಮುಚ್ಚಿದ ಪೆಟ್ಟಿಗೆಯನ್ನು ನಾಳೆ ಬೆಳಿಗ್ಗೆ ವ್ಯಾನಿನಲ್ಲಿ ಕಳಿಸುತ್ತೇವೆಂದರು. "ಯಾರೂ ತೆಗೆಯೋ ಹಾಗಿಲ್ಲ ತಾನೇ?" ಎಂದು ಅವನು ಕೇಳಿದ. "ಯಾರೂ ಇಲ್ಲ. ತಾಯಿ ಅದನ್ನ ನೋಡ್ಬಾರ್ದು," ಎಂದ ಕಿರೋಗಾ.

ಮೂಲೆಯ ಬೂತಿನಿಂದ ಅನ್ಸೆಲ್ಮೊ ಊರಿನ ತನ್ನ ಪಕ್ಕದ ಮನೆಗೆ ಫೋನು ಮಾಡಿದ. ಅವರು ಫೋನನ್ನು ತಂತಿಸಮೇತ ಕಿಟಕಿಯಿಂದ ಎಳೆದು ಎಲ್ಬಾಳಿಗೆ ಕೊಟ್ಟರು.

"ಸಿಕ್ಕಿದ್ನಾ?"

"ಹ್ಞೂಂ. ಕರ್ಕೊಂಡು ಬರ್ತಿದೀನಿ."

"ಅವನನ್ನ ಬೈದ್ರಿ ಅಂತ ನಿಮ್ಮ ಮೇಲಿದ್ದ ಸಿಟ್ಟು ಇವತ್ತಿಗೆ ಮುಗೀತು ಕಣ್ರೀ," ಎಂದಳು. "ನಾನು ಸ್ವಲ್ಪ ಮಲಗ್ತೀನಿ."

ಬೂತಿನಿಂದ ಹೊರಬಂದರೆ ಎದುರಿಗೇ ನಿಲ್ಡಾ. ಅವಳನ್ನು ಒಳಗೆ ಕರೆಯಲೇ ಇಲ್ಲ, ಗುರುತು ಸಿಕ್ಕಿತು, ಹೋಗಮ್ಮ ಎಂದಿದ್ದರಂತೆ. ಅಳುತ್ತಿದ್ದಳು, ನಗುತ್ತಿದ್ದಳು, ಎರಡನ್ನೂ ಅಡಗಿಸಲು ಹೆಣಗುತ್ತಿದ್ದಳು.

"ಖಂಡಿತಾನಾ ಅಣ್ಣ? ನಿಮ್ಮವನೇನಾ?"

"ನಮ್ಮವನೇ."

ಅವಳು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಿಮ್ಮ ದುಃಖದ ಮುಂದೆ ಹೀಗೆ ಸಂತೋಷ ಪಡೋದು ಪಾಪ, ಗೊತ್ತು. ದೇವರು ನನಗೆ ಏನು ಶಿಕ್ಷೆ ಕೊಡ್ತಾನೋ ಕೊಡ್ಲಿ."

ಅನ್ಸೆಲ್ಮೊ ಬಾಯಿ ತೆರೆದ. ಅಷ್ಟರಲ್ಲಿ ಫ್ರೈ ಬೆಂತೋಸಿನ ಬಸ್ಸು ಹಾರನ್ನು ಹೊಡೆಯಿತು. ಹಾದುಹೋಗುವ ಪಡ್ಡೆ ಹುಡುಗರು ಇಬ್ಬರ ಮೇಲೂ ಡಬ್ಬಿಯಿಂದ ಕಾರ್ನಿವಲ್ಲಿನ ನೊರೆ ಚಿಮ್ಮಿಸಿ ಕೇಕೆ ಹಾಕಿದರು. ಅವನು ಅವಳನ್ನು ಬಸ್ಸಿಗೆ ಹತ್ತಿಸಿದ.

ನಿಲ್ಡಾ ಕಿಟಕಿಯ ಸೀಟಿನಿಂದ ತಲೆ ಹೊರಹಾಕಿ, ಮುಖದ ನೊರೆಯನ್ನು ಸೆರಗಿನಂತೆ ಹೊದ್ದ ಟವೆಲಿನಿಂದ ಒರೆಸಿಕೊಳ್ಳುತ್ತ ಕೂಗಿದಳು: "ಬರ್ಲಿ ಆ ಕತ್ತೆ ಮನೆಗೆ! ಬೆಳಿಗ್ಗೆ ನಾನೇ ಹೇಳಿದ್ನಲ್ಲ ಅಣ್ಣ, ಮುಳ್ಳುತಂತಿ ಹಾರೋಕೆ ಹೋಗಿ ಏಳು ಹೊಲಿಗೆ ಹಾಕಿಸ್ಕೊಂಡ ಅಂತ, ಆ ಕಾಲನ್ನೇ ಮುರೀತೀನಿ!"